ಒಂದೇ ಬಾನಿಯ ನೀರು

ಬಾದಶಾ ಕೆಮ್ಮಲು ಶುರುಮಾಡಿದ್ದು ಬೆಳಗಿನ ಹುರುಳಿ ತಿನ್ನುವಾಗ. ಕುದುರೆ ಒಂದು ಸಲ ಕೆಮ್ಮಿದರೆ ದೂಳು, ಇನ್ನೊಂದು ಸಲ ಕೆಮ್ಮಿದರೆ ಹುಲ್ಲು ಬದಲಾಯಿಸು, ಬಾಯಿಗೆ ಹಾಕಿಕೊಂಡದ್ದನ್ನು ಉಗಿದು ಕೆಮ್ಮಿದರೆ ಮಾತ್ರ ಯೋಚನೆ ಮಾಡು ಎನ್ನುವುದು ನಮ್ಮ ಅಬ್ಬಾರ ಲೆಕ್ಕ. ಅವತ್ತು ಬಾದಶಾ ಹುರುಳಿಯನ್ನು ಪೂರ್ತಿ ಉಗಿದ. ಹತ್ತಿರ ಹೋಗಿ ನೋಡಿದರೆ ಒಂದು ಹೊಳ್ಳೆಯಿಂದ ಹಳದಿ ಸಿಂಬಳ ಇಳಿಯುತ್ತಿತ್ತು. ದವಡೆಯ ಕೆಳಗೆ ಕೈ ಹಾಕಿದೆ, ನಿಂಬೆಹಣ್ಣಿನಷ್ಟು ದಪ್ಪದ ಗಂಟು ಸಿಕ್ಕಿತು. ಮುಟ್ಟಿದ ಕೂಡಲೇ ತಲೆ ಎಳೆದುಕೊಂಡ.

ಬಾದಶಾ ನಮ್ಮ ಲಾಯದ ಹಿರಿಯ, ಮದುವೆ ಮೆರವಣಿಗೆಯ ಬಿಳಿ ಕುದುರೆ. ಚಿಂತಾಮಣಿ, ಶಿಡ್ಲಘಟ್ಟದ ಎಷ್ಟೋ ಮದುಮಕ್ಕಳು ಅವನ ಬೆನ್ನ ಮೇಲೆ ಕೂತು ನಡುಗಿದವರೇ. ಪಟಾಕಿ, ಬ್ಯಾಂಡು, ಮುಂದೆ ಕುಣಿಯುವ ಗೆಳೆಯರು, ಯಾವುದಕ್ಕೂ ಅವನು ಜಗ್ಗುತ್ತಿರಲಿಲ್ಲ. ಲಾಯ ಇರುವುದು ಚಿಂತಾಮಣಿಯಿಂದ ಮುರುಗಮಲ್ಲಕ್ಕೆ ಹೋಗುವ ದಾರಿಯಲ್ಲಿ. ತಾತನ ಕಾಲದಲ್ಲಿ ಜಟಕಾ ಕುದುರೆಗಳಿದ್ದ ಜಾಗ. ಈಗ ಅಬ್ಬಾ, ಅಣ್ಣ, ಮಗಳಾದ ನಾನು, ಮೂವರೂ ಸೇರಿ ಕುದುರೆ ಪಳಗಿಸುತ್ತೇವೆ, ಮದುವೆಗೆ ಕಳಿಸುತ್ತೇವೆ, ಬೇರೆಯವರ ಕುದುರೆಗಳನ್ನು ತಿದ್ದಿ ಕೊಡುತ್ತೇವೆ. ಆಗ ಆರು ಕುದುರೆಗಳಿದ್ದವು. ನಾಲ್ಕು ಮದುವೆಗೆ ಹೋಗುವಂಥವು, ಒಂದು ಶಿಡ್ಲಘಟ್ಟದ ರೇಷ್ಮೆ ವ್ಯಾಪಾರಿಯೊಬ್ಬರು ತರಬೇತಿಗೆ ಬಿಟ್ಟದ್ದು. ಆರನೆಯದು ರೇಷ್ಮಾ.

ರೇಷ್ಮಾಳ ವಿಷಯ ಹೇಳದೆ ಮುಂದಿನದು ಅರ್ಥವಾಗುವುದಿಲ್ಲ. ಮಾರ್ವಾಡಿ ತಳಿಯ ಹೆಣ್ಣು ಕುದುರೆ, ನಮ್ಮ ಲಾಯದಲ್ಲೇ ಹುಟ್ಟಿದವಳು. ಕಡುಗೆಂಪು ಮೈ, ಹಣೆಯ ಮೇಲೆ ಬಿಳಿ ಪಟ್ಟೆ, ನಾಲ್ಕು ಪಾದವೂ ಬಿಳಿ. ಪಂಚಕಲ್ಯಾಣಿ ಎಂದು ದಾರಿಯಲ್ಲಿ ಹೋಗುವವರು ನಿಂತು ಕೈಮುಗಿಯುತ್ತಿದ್ದರು. ಕಿವಿಗಳು ಒಳಕ್ಕೆ ಬಾಗಿ ತುದಿಗೆ ತುದಿ ತಾಗುತ್ತಿದ್ದವು. ಉತ್ತರದ ಕಡೆ ಚಳಿಗಾಲದಲ್ಲಿ ಈ ತಳಿಯ ಪ್ರದರ್ಶನಗಳು ನಡೆಯುತ್ತವೆ. ಆ ವರ್ಷ ಅವಳನ್ನು ಅಲ್ಲಿಗೆ ಕರೆದೊಯ್ಯಬೇಕೆಂದು ನಾನು ಪಟ್ಟು ಹಿಡಿದಿದ್ದೆ. ನಮ್ಮ ಮನೆತನದಿಂದ ಯಾರೂ ಕುದುರೆಯನ್ನು ಅಷ್ಟು ದೂರ ತೋರಿಸಲು ಒಯ್ದವರಲ್ಲ.

ಪ್ರದರ್ಶನದ ಕುದುರೆಗೆ ಓಡುವುದಕ್ಕಿಂತ ನಿಲ್ಲುವುದು ಕಷ್ಟ. ಹಗ್ಗ ಸಡಿಲ ಬಿಟ್ಟು ನಾನು ಎದುರಿಗೆ ನಿಂತರೆ ಅವಳು ನಾಲ್ಕು ಕಾಲೂ ಸರಿಯಾಗಿ ಇಟ್ಟು, ಕತ್ತು ಎತ್ತಿ, ನೊಣ ಕೂತರೂ ಅಲುಗಾಡದೆ ನಿಲ್ಲಬೇಕು. ಎರಡು ವರ್ಷ ದಿನಾ ಬೆಳಿಗ್ಗೆ ಅದೇ ಕೆಲಸ. ಕಾಲು ತಪ್ಪಿಟ್ಟರೆ ಒಂದು ಹೆಜ್ಜೆ ಹಿಂದಕ್ಕೆ ತಳ್ಳುವುದು, ಮತ್ತೆ ಮುಂದಕ್ಕೆ ಕರೆಯುವುದು, ಸರಿ ನಿಂತರೆ ಕುತ್ತಿಗೆ ಉಜ್ಜುವುದು. ಆಮೇಲೆ ರೇವಾಲ್ ಎನ್ನುವ ನಡಿಗೆ. ಸವಾರರ ಕೈಯಲ್ಲಿರುವ ಟೀ ಚೆಲ್ಲಬಾರದು, ಅಷ್ಟು ನಯವಾಗಿ ಕಾಲು ಹಾಕಬೇಕು. ನಾನು ನಿಜವಾಗಿಯೂ ಲೋಟ ಹಿಡಿದು ಕೂತು ಎಷ್ಟೋ ಬಟ್ಟೆ ಹಾಳುಮಾಡಿಕೊಂಡೆ. ಅಣ್ಣ ಮಾತ್ರ ಕುದುರೆ ಕಂಡರೆ ಕಾಲು ನೋವು ಎನ್ನುವ ಜಾತಿ. ಪಳಗಿಸುವಾಗ ನೆರಳಲ್ಲಿ ಕೂತಿರುತ್ತಿದ್ದ, ಪಳಗಿದ ಮೇಲೆ ಹತ್ತಿ ಪೇಟೆಗೆ ಹೋಗಿಬರುತ್ತಿದ್ದ.

ನಮ್ಮ ಲಾಯಕ್ಕೆ ಒಂದು ಪದ್ಧತಿ ಇತ್ತು. ಮುರುಗಮಲ್ಲದ ದರ್ಗಾದಲ್ಲಿ ಉರುಸ್ ನಡೆಯುವಾಗ ಕುದುರೆ ಸಾಕುವವರು ಸುತ್ತಲಿನ ಊರುಗಳಿಂದ, ಆಂಧ್ರದ ಕಡೆಯಿಂದಲೂ ಬರುತ್ತಾರೆ. ಬಂದವರು ನಮ್ಮಲ್ಲಿ ಇಳಿಯುತ್ತಾರೆ. ಮಾಲೀಕನಿಗೆ ಟೀ ಕೊಡುವ ಮೊದಲು ಕುದುರೆಗೆ ನೀರು ಕೊಡಬೇಕು, ಅದೂ ಅಂಗಳದ ಕಲ್ಲುಬಾನಿಯಲ್ಲೇ. ಬಂದ ಕುದುರೆ ಒಂಟಿಯಾಗಿ ಕುಡಿಯಬಾರದು, ಮನೆಯ ಕುದುರೆಯೊಂದು ಪಕ್ಕದಲ್ಲಿ ಬಾಯಿ ಹಾಕಬೇಕು. ಒಂದೇ ಬಾನಿಯಲ್ಲಿ ಕುಡಿದ ಕುದುರೆಗಳು ಒಂದನ್ನೊಂದು ಒದೆಯುವುದಿಲ್ಲ ಎಂದು ತಾತ ಹೇಳುತ್ತಿದ್ದರಂತೆ. ಜೊತೆಗೆ ನಿಲ್ಲಿಸುವುದು ಯಾವುದೋ ಮುದಿ ಕುದುರೆಯನ್ನಲ್ಲ. ಬಂದವರಿಗೆ ಸೀಳು ಬಿಟ್ಟ ಲೋಟದಲ್ಲಿ ಟೀ ಕೊಡುತ್ತೀವಾ ಎಂದು ಅಬ್ಬಾ ಕೇಳುತ್ತಿದ್ದರು. ಹಾಗಾಗಿ ಆ ವರ್ಷದ ಉರುಸ್‌ನಲ್ಲಿ ಬಂದ ಕುದುರೆಗಳ ಜೊತೆಗೆಲ್ಲ ನೀರು ಕುಡಿದವಳು ರೇಷ್ಮಾ. ಬಂದವುಗಳಲ್ಲಿ ಒಂದಕ್ಕೆ ಮೂಗು ಸೋರುತ್ತಿತ್ತು. ದಾರಿಯಲ್ಲಿ ಮಳೆಗೆ ಸಿಕ್ಕಿತು ಎಂದರು. ಅಬ್ಬಾ ಶುಂಠಿ ಬೆಲ್ಲ ಕುದಿಸಿ ಕುಡಿಸಿದರು. ಅದರಿಂದಲೇ ರೋಗ ಬಂತು ಎಂದು ನಾನು ಹೇಳಲಾರೆ, ಯಾರೂ ಹೇಳಲಾರರು. ಆದರೆ ಬೇರೆ ದಾರಿ ಯಾವುದು ಎಂದು ಹುಡುಕಿ ನನಗೆ ಸಾಕಾಗಿದೆ.

ಬಾದಶಾ ಕೆಮ್ಮಿದ ದಿನ ಪಶು ಆಸ್ಪತ್ರೆಯ ಡಾಕ್ಟರಿಗೆ ಫೋನು ಮಾಡಿದೆ. ವಯಸ್ಸಾದವರು, ನಮ್ಮ ಲಾಯಕ್ಕೆ ಬಹಳ ವರ್ಷಗಳಿಂದ ಬರುವವರು. ಮೂಗು, ಗಂಟು ಎಂದ ಕೂಡಲೇ ಅವರ ದನಿ ಬದಲಾಯಿತು. ಬರಿಗೈಯಲ್ಲಿ ಮುಟ್ಟಬೇಡಿ, ಒಂದು ಕುದುರೆಯನ್ನೂ ಆಚೆ ಕಳಿಸಬೇಡಿ, ಮಧ್ಯಾಹ್ನದ ಹೊತ್ತಿಗೆ ಬರುತ್ತೇನೆ ಎಂದರು. ಗ್ಲ್ಯಾಂಡರ್ಸ್ ಎನ್ನುವ ರೋಗವಿದೆ, ಕುದುರೆಯಿಂದ ಮನುಷ್ಯರಿಗೂ ಬರುತ್ತದೆ, ಇದು ಅದೇ ಎಂದಲ್ಲ, ಬರೀ ಗಂಟಲಿನ ಗಂಟೂ ಆಗಿರಬಹುದು, ರಕ್ತ ಪರೀಕ್ಷೆ ಆಗದೆ ಹೇಳಲು ಬರುವುದಿಲ್ಲ ಎಂದರು. ಆ ಹೆಸರು ನಮಗೆ ಹೊಸದಲ್ಲ. ರೋಗ ಇದೆ ಎಂದಾದರೆ ಕುದುರೆಯನ್ನು ಉಳಿಸುವುದಿಲ್ಲ ಎನ್ನುವುದೂ ಗೊತ್ತಿತ್ತು.

ಮನೆಯಲ್ಲಿ ನಾವು ಉರ್ದು ಮಾತಾಡುವವರು. ಅಲ್ಲಿನ ಮಾತನ್ನು ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ. ಡಾಕ್ಟರು ಬರುವ ಮೊದಲು ಅಣ್ಣ ಒಂದು ಉಪಾಯ ಹೇಳಿದ. ಕೆಮ್ಮುವುದನ್ನು ತೋರಿಸೋಣ, ಪಕ್ಕದಲ್ಲಿ ಕಟ್ಟಿದವನ್ನೂ ತೋರಿಸೋಣ, ರೇಷ್ಮಾಳನ್ನು ಮಾತ್ರ ಹಿಂದೆ ಇರುವ ನೆರೆಯವರ ಹಿಪ್ಪುನೇರಳೆ ತೋಟಕ್ಕೆ ಕಳಿಸೋಣ. ಅವಳಿಗೆ ಏನೂ ಆಗಿಲ್ಲ, ಸುಮ್ಮನೆ ರೋಗದ ಹೆಸರು ಅಂಟಿಕೊಂಡರೆ ಪ್ರದರ್ಶನವೂ ಹೋಯಿತು, ಮುಂದೆ ಮರಿಗಳಿಗೂ ಕೆಟ್ಟ ಹೆಸರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಲೆಕ್ಕ. ಅಬ್ಬಾ ಹೌದು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಗೋಡೆಯ ಕಡೆ ನೋಡುತ್ತ ಕೂತಿದ್ದರು. ಅಣ್ಣ ಅವಳನ್ನು ಹಿಂಬಾಗಿಲಿನಿಂದ ಹೊಡೆದುಕೊಂಡು ಹೋಗಿ ತೋಟದ ಬದುವಿನ ಹೊಂಗೆ ಮರಕ್ಕೆ ಕಟ್ಟಿ ಬಂದ.

ಡಾಕ್ಟರು ಕೈಗವಸು, ಮುಖಕ್ಕೆ ಮಾಸ್ಕು, ಕಾಲಿಗೆ ರಬ್ಬರ್ ಬೂಟು ಹಾಕಿಕೊಂಡು ಒಳಗೆ ಬಂದರು. ಬಾದಶಾನ ಹೊಳ್ಳೆಯೊಳಗೆ ಟಾರ್ಚು ಬಿಟ್ಟು ನೋಡಿದರು. ಕಾಲಿನ ಒಳಭಾಗದಲ್ಲಿ ಎಲ್ಲಾದರೂ ಗಂಟುಗಳ ಸಾಲು ಇದೆಯೋ ಎಂದು ಸವರಿ ನೋಡಿದರು. ಕುತ್ತಿಗೆಯ ನರ ಒತ್ತಿ ಹಿಡಿದು ರಕ್ತ ಎಳೆದರು. ಉಳಿದ ನಾಲ್ಕರದ್ದೂ ತೆಗೆದರು. ಎಲ್ಲ ಮುಗಿಸಿ, ಇಷ್ಟೇನಾ ಎಂದು ಕೇಳಿದರು. ಅಣ್ಣ ಇಷ್ಟೇ ಎಂದ. ಕೇಳದೇ ಇದ್ದರೂ, ಆರನೆಯ ಗೂಟದ ಹತ್ತಿರ ಬಿದ್ದಿದ್ದ ಹಸಿ ಲದ್ದಿ ನಿನ್ನೆಯದು ಎಂದೂ ಸೇರಿಸಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವರನ್ನು ಅಲ್ಲಿಯವರೆಗೆ ನಾನು ಕಣ್ಣಾರೆ ಕಂಡಿರಲಿಲ್ಲ.

ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಬೇರೆ. ಪ್ರದರ್ಶನಕ್ಕೆ ಸೇರಿಸಬೇಕಾದರೆ ಈ ರೋಗ ಇಲ್ಲ ಎನ್ನುವ ಪ್ರಮಾಣಪತ್ರ ಬೇಕೇ ಬೇಕು. ಅದಕ್ಕೆ ಇದೇ ರಕ್ತ ಪರೀಕ್ಷೆ. ಹೇಗೂ ಡಾಕ್ಟರು ಬಂದಿದ್ದಾರೆ, ಸೂಜಿ ಇದೆ, ಬಾಟಲಿ ಇದೆ. ಬೆಳಿಗ್ಗೆ ತಾನೇ ರೇಷ್ಮಾಳ ಮೈ ಉಜ್ಜಿದ್ದೆ. ಮೈ ಮೇಲೆ ಕೈ ಇಟ್ಟರೆ ಜಾರುತ್ತಿತ್ತು. ಅವಳನ್ನು ಬಚ್ಚಿಡುವುದು ನನಗೆ ಅವಮಾನವಾಗಿ ಕಂಡಿತು. ಇಂಥ ಕುದುರೆಯನ್ನು ಮರೆಯಲ್ಲಿ ಕಟ್ಟಿಹಾಕಲು ನಾನು ಎರಡು ವರ್ಷ ಬೆವರು ಸುರಿಸಿದೆನಾ ಎನಿಸಿತು.

"ಇನ್ನೊಂದೈತೆ ಡಾಕ್ಟ್ರೇ. ಕರ್ಕೊಂಡ್ ಬರ್ತೀನಿ, ನಿಂತ್ಕೊಳಿ" ಎಂದೆ.

ಅಣ್ಣನ ಮುಖ ನೋಡಲಿಲ್ಲ. ತೋಟಕ್ಕೆ ಹೋಗಿ ಹಗ್ಗ ಬಿಚ್ಚಿದೆ. ಅಂಗಳಕ್ಕೆ ಅವಳನ್ನು ನಡೆಸಿಕೊಂಡು ಬರಲಿಲ್ಲ, ಪ್ರದರ್ಶನದಲ್ಲಿ ತರುವ ಹಾಗೆ ಪಕ್ಕದಲ್ಲಿ ನಾನೂ ಓಡುತ್ತ ತಂದೆ. ಡಾಕ್ಟರ ಮುಂದೆ ಹಗ್ಗ ಸಡಿಲ ಬಿಟ್ಟು ನಿಂತೆ. ನಾಲ್ಕು ಕಾಲೂ ಇಡಬೇಕಾದ ಕಡೆ ಇಟ್ಟಳು, ಕತ್ತು ಎತ್ತಿದಳು, ಕಿವಿ ಸೇರಿಸಿದಳು. ಡಾಕ್ಟರು ಸೂಜಿ ಕೈಯಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ಬರೀ ನೋಡಿದರು.

"ಏನಮ್ಮ ಇದು, ಫೋಟೊದಾಗೆ ನಿಂತಂಗೆ ನಿಂತೈತೆ" ಎಂದರು. ಸೂಜಿ ಒಳಗೆ ಹೋದಾಗಲೂ ಅವಳು ಚರ್ಮ ಅಲುಗಿಸಲಿಲ್ಲ. ನನ್ನ ಎದೆ ಉಬ್ಬಿತು. ಅಬ್ಬಾರ ಕಡೆ ತಿರುಗಿ ನೋಡಿದೆ, ಅವರೂ ಮೀಸೆಯಲ್ಲಿ ನಗುತ್ತಿದ್ದರು.

ರಕ್ತ ಹರಿಯಾಣದ ಪ್ರಯೋಗಾಲಯಕ್ಕೆ ಹೋಯಿತು. ಫಲಿತಾಂಶ ಬರುವವರೆಗೂ ಲಾಯದ ಗೇಟಿಗೆ ಬೀಗ. ಮದುವೆಯ ಕಾಲ, ಬಂದ ಫೋನುಗಳಿಗೆಲ್ಲ ಕುದುರೆ ಇಲ್ಲ ಎಂದು ಹೇಳಿ ಅಣ್ಣ ಸುಸ್ತಾದ. ನಾವು ಬಾದಶಾನನ್ನು ದೂರ ಕಟ್ಟಿ, ಅವನಿಗೆ ಬೇರೆ ಬಕೆಟ್ಟು, ಬೇರೆ ಬ್ರಷ್ಷು ಮಾಡಿದೆವು. ಹೀಗಿರುವಾಗ ಒಂದು ಬೆಳಿಗ್ಗೆ ದವಡೆಯ ಗಂಟು ಒಡೆದು ಕೀವು ಸುರಿಯಿತು. ಅದಾದ ಮೇಲೆ ಕೆಮ್ಮು ಇಳಿಯಿತು, ಮಾರನೆಯ ದಿನ ಹುರುಳಿ ತಿಂದ, ಆಮೇಲೆ ಗೇಟಿನಾಚೆ ಹೋಗುತ್ತಿದ್ದ ಟ್ರ್ಯಾಕ್ಟರಿನ ಹಾಡಿಗೆ ಕಾಲು ಕುಣಿಸಿದ. ಗಂಟು ಒಡೆದರೆ ಗಂಟಲಿನ ರೋಗ, ಸತ್ತೇ ಹೋಗುವ ರೋಗವಲ್ಲ ಎಂದು ಅಬ್ಬಾ ಹೇಳಿದರು. ಮನೆಯಲ್ಲಿ ಎಷ್ಟೋ ದಿನಗಳ ಮೇಲೆ ಬಿರಿಯಾನಿ ಆಯಿತು. ಅಣ್ಣನೂ ನನ್ನನ್ನು ಮಾತಾಡಿಸಿದ. ಪ್ರದರ್ಶನದ ದಿನ ತಾನೇ ಟೆಂಪೊ ಓಡಿಸುತ್ತೇನೆ ಎಂದ.

ಡಾಕ್ಟರು ಫೋನು ಮಾಡಲಿಲ್ಲ, ತಾವೇ ಬಂದರು. ಗೇಟಿನ ಆಚೆಗೇ ನಿಂತು ಕರೆದರು.

"ಆ ಬಿಳೀ ಕುದುರೆಗೆ ಏನೂ ಇಲ್ಲಮ್ಮ" ಎಂದರು. ಆಮೇಲೆ, "ಆ ಫೋಟೊ ಥರ ನಿಂತಿತ್ತಲ್ಲ, ಅದು" ಎಂದರು.

ನಾನು ಜಗಳಕ್ಕೇ ನಿಂತೆ. ಬಾಟಲಿ ಅದಲುಬದಲಾಗಿದೆ ಎಂದೆ. ಕೆಮ್ಮುವ ಕುದುರೆಗೆ ಇಲ್ಲವಂತೆ, ಕುಣಿಯುವ ಕುದುರೆಗೆ ಇದೆಯಂತೆ, ಇದೆಂಥ ಪರೀಕ್ಷೆ ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಅವರು ಒಂದಕ್ಕೂ ಎದುರಾಡಲಿಲ್ಲ. ಇನ್ನೊಂದು ಸಲ ರಕ್ತ ತೆಗೆದು ಕಳಿಸಲೇಬೇಕು, ನಿಯಮವೇ ಹಾಗಿದೆ, ನಿಮ್ಮ ಕಣ್ಣೆದುರಿಗೇ ಹೆಸರು ಬರೆಯುತ್ತೇನೆ ಎಂದರು. ಬರೆದರು. ಈ ಸಲ ನಾನು ಅವಳನ್ನು ಓಡಿಸಿಕೊಂಡು ತರಲಿಲ್ಲ.

ಕೆಲವು ಕುದುರೆಗಳು ಈ ರೋಗವನ್ನು ಒಳಗೇ ಇಟ್ಟುಕೊಂಡು ತಿಂಗಳುಗಟ್ಟಲೆ ತಿಂದುಂಡು ಮಿಂಚುತ್ತಿರುತ್ತವೆ, ನೀರಿನಲ್ಲಿ, ಉಸಿರಿನಲ್ಲಿ ಬೇರೆಯವಕ್ಕೆ ಕೊಡುತ್ತಿರುತ್ತವೆ ಎಂದು ಡಾಕ್ಟರು ತಿಳಿಸಿ ಹೇಳಿದರು. ಅಣ್ಣನ ಮಗಳು ದಿನಾ ಸ್ಕೂಲಿಗೆ ಹೋಗುವ ಮೊದಲು ರೇಷ್ಮಾಳ ಮೂತಿಗೆ ಮುತ್ತು ಕೊಟ್ಟು ಹೋಗುತ್ತಿದ್ದಳು. ಅದನ್ನು ಕೇಳಿ ಡಾಕ್ಟರು ಆರೋಗ್ಯ ಇಲಾಖೆಗೆ ಫೋನು ಮಾಡಿದರು. ಮನೆಯವರೆಲ್ಲರ ರಕ್ತವನ್ನೂ ಆರೋಗ್ಯ ಇಲಾಖೆಯವರು ಬಂದು ತೆಗೆದುಕೊಂಡು ಹೋದರು. ಮಗು ಸೂಜಿಗೆ ಅತ್ತಿದ್ದನ್ನು ಕಂಡು ಅತ್ತಿಗೆ ಲಾಯದ ಕಡೆ ಬರುವುದನ್ನೇ ಬಿಟ್ಟರು.

ಅಬ್ಬಾ ಒಂದೇ ಪ್ರಶ್ನೆ ಕೇಳಿದರು. "ಮನುಷ್ಯರಿಗೆ ಬಂದ್ರೆ ಔಷಧಿ ಇದೆ ಅಂತೀರಲ್ಲ ಡಾಕ್ಟ್ರೇ. ಇವಳಿಗೆ ಯಾಕಿಲ್ಲ?"

"ಕೊಟ್ರೆ ಮೇಲ್ಮೇಲೆ ವಾಸಿ ಆದಂಗೆ ಕಾಣ್ತದೆ ಸಾಹೇಬ್ರೇ. ಒಳಗೆ ಹಂಗೇ ಇರ್ತದೆ. ಅದಕ್ಕೇ ಕಾನೂನಲ್ಲಿ ಕೊಡೋಂಗಿಲ್ಲ" ಎಂದರು ಡಾಕ್ಟರು.

ರೇಷ್ಮಾಳನ್ನು ಹಳೆಯ ಜಟಕಾ ಶೆಡ್ಡಿಗೆ ಹಾಕಿದೆವು. ನಾನೊಬ್ಬಳೇ ಕೈಗವಸು, ಮಾಸ್ಕು ಹಾಕಿಕೊಂಡು ಹುಲ್ಲು ನೀರು ಕೊಡುತ್ತಿದ್ದೆ. ಪ್ರತಿ ದಿನ ಅವಳ ಮೈಯನ್ನು ಅಂಗುಲ ಅಂಗುಲ ಸವರಿ ಗಂಟು ಹುಡುಕಿದೆ. ರೋಗ ಇದೆ ಎನ್ನುವುದಕ್ಕೆ ಒಂದು ಗುರುತು ಸಿಕ್ಕಿದ್ದರೆ ಮನಸ್ಸಿಗೆ ಸ್ವಲ್ಪ ಸಮಾಧಾನವಾಗುತ್ತಿತ್ತು. ಏನೂ ಸಿಗಲಿಲ್ಲ. ಹೊಳ್ಳೆ ಒಣಗಿತ್ತು, ಕಣ್ಣು ಹೊಳೆಯುತ್ತಿತ್ತು, ಹುರುಳಿ ಸಾಲದೆ ಬಕೆಟ್ಟನ್ನು ಒದೆಯುತ್ತಿದ್ದಳು. ಎರಡನೆಯ ಸಲವೂ ಅದೇ ಫಲಿತಾಂಶ ಬಂತು.

ಅಬ್ಬಾ ಅವತ್ತಿನಿಂದ ನನ್ನ ಜೊತೆ ಮಾತು ನಿಲ್ಲಿಸಿದರು. ಬೈದಿದ್ದರೆ ಚೆನ್ನಾಗಿತ್ತು. ಅಣ್ಣ ಒಂದೇ ಸಲ ಬಾಯಿ ಬಿಟ್ಟ. "ನಾನು ಕಟ್ಟಿ ಬಂದಿದ್ದೆ. ನೀನೇ ಬಿಚ್ಕೊಂಡ್ ಬಂದೆ" ಎಂದ. ಸುಳ್ಳೇನಲ್ಲ.

ರೇಷ್ಮಾಳನ್ನು ಉಳಿಸಬಾರದು ಎನ್ನುವ ಸರ್ಕಾರದ ಆದೇಶ ಕೈಗೆ ಬರಲು ಸ್ವಲ್ಪ ದಿನ ಹಿಡಿಯಿತು. ಆ ದಿನಗಳಲ್ಲೇ ಒಂದು ಬೆಳಿಗ್ಗೆ ನಾನು ಅವಳಿಗೆ ಜೀನು ಹಾಕಿದೆ. ಯಾರಿಗೂ ಹೇಳಿರಲಿಲ್ಲ. ಹಿಂದೂಪುರದ ಕಡೆ ನಮ್ಮ ದೂರದ ಸಂಬಂಧಿಕರಿದ್ದಾರೆ, ಅವರೂ ಕುದುರೆಯವರೇ. ತೋಟಗಳ ಮಧ್ಯದ ದಾರಿ ಹಿಡಿದರೆ ಗೌರಿಬಿದನೂರಿನ ಆಚೆ ಹೋಗಿ ಸೇರಿಕೊಳ್ಳಬಹುದು. ಗೇಟಿನ ಬೀಗ ತೆಗೆದೆ. ಅವಳು ಎಷ್ಟೋ ದಿನಗಳಿಂದ ಹೊರಗೆ ಹೋಗಿರಲಿಲ್ಲ. ದಾರಿ ಕಂಡ ಕೂಡಲೇ ಕಿವಿ ಸೇರಿಸಿ ಮೈ ಕುಣಿಸಿದಳು.

ದಾರಿ ಲೆಕ್ಕ ಹಾಕುತ್ತ ಗೇಟಿನಲ್ಲೇ ನಿಂತೆ. ಮಧ್ಯಾಹ್ನಕ್ಕೆ ಎಲ್ಲಿ ಇಳಿಯುವುದು, ಸಂಜೆಗೆ ಎಲ್ಲಿ. ಆಗ ತಿಳಿಯಿತು, ಎಲ್ಲಿ ಇಳಿದರೂ ಮೊದಲು ಅವಳಿಗೆ ನೀರು ಕೊಡುತ್ತಾರೆ. ನಾನು ಬೇಡ ಎಂದರೂ ಕೇಳುವುದಿಲ್ಲ. ಇಂಥ ಕುದುರೆ ಬಂದರೆ ತಮ್ಮ ಲಾಯದ ಒಳ್ಳೆಯ ಕುದುರೆಯನ್ನೇ ತಂದು ಪಕ್ಕದಲ್ಲಿ ನಿಲ್ಲಿಸುತ್ತಾರೆ. ಅವರ ಮನೆಯ ಮಕ್ಕಳು ಬಂದು ಪಂಚಕಲ್ಯಾಣಿಯ ಮೂತಿ ಸವರುತ್ತಾರೆ. ನಮ್ಮ ಜನ ಹಾಗೆ ಮಾಡದೆ ಇರುವವರಲ್ಲ. ಗೇಟು ಹಾಕಿದೆ. ಜೀನು ಬಿಚ್ಚುವಾಗ ಅವಳು ಯಾಕೆ ಎನ್ನುವ ಹಾಗೆ ತಿರುಗಿ ನನ್ನ ತೋಳು ಕಚ್ಚಿದಳು, ಮೆಲ್ಲಗೆ. ನಾನು ಅವಳ ಹೊಟ್ಟೆಗೆ ಹಣೆ ಕೊಟ್ಟು ನಿಂತು ಬಹಳ ಹೊತ್ತು ಅತ್ತೆ. ಮಾಸ್ಕು ಹಾಕಿಕೊಂಡು ಅಳುವುದು ಬಹಳ ಕಷ್ಟ, ಉಸಿರು ಕಟ್ಟುತ್ತದೆ.

ಗುಂಡಿ ತೆಗೆಯುವುದೇ ಒಂದು ದೊಡ್ಡ ಪಾಡಾಯಿತು. ಆಳವಾಗಿರಬೇಕು, ಬಾವಿ ಬೋರ್‌ವೆಲ್‌ಗಳಿಂದ ದೂರವಿರಬೇಕು, ನಾಯಿ ನರಿ ಕೆದರುವ ಹಾಗಿರಬಾರದು. ನಮ್ಮ ಜಾಗದಲ್ಲಿ ಜೆಸಿಬಿ ಸೊಂಟದಷ್ಟು ಆಳ ಇಳಿದು ಬಂಡೆಗೆ ಬಡಿಯಿತು. ಇನ್ನೊಂದು ಮೂಲೆಯಲ್ಲೂ ಬಂಡೆ. ಈ ಸೀಮೆಯಲ್ಲಿ ಮಣ್ಣಿಗಿಂತ ಕಲ್ಲೇ ಜಾಸ್ತಿ. ಜೆಸಿಬಿಯವನು ಹಲ್ಲು ಮುರಿಯುತ್ತದೆ ಎಂದು ಗಾಡಿ ನಿಲ್ಲಿಸಿದ. ಡಾಕ್ಟರು ಬೇರೆ ಜಾಗ ಕೇಳಿ ಯಾರ್ಯಾರಿಗೋ ಫೋನು ಮಾಡುತ್ತಿದ್ದರು. ರೋಗದ ಹೆಸರು ಕೇಳಿ ಎಲ್ಲರೂ ಬೇಡ ಎಂದರು.

ಹಿಪ್ಪುನೇರಳೆ ತೋಟದ ಯಜಮಾನರು ಬದುವಿನ ಮೇಲೆ ನಿಂತು ಇದನ್ನೆಲ್ಲ ನೋಡುತ್ತಿದ್ದರು. ತೆಲುಗು ಮನೆಮಾತಿನವರು. ಅಣ್ಣ ಅವರ ತೋಟದಲ್ಲೇ ಕುದುರೆ ಬಚ್ಚಿಟ್ಟಿದ್ದು ಆಮೇಲೆ ಗೊತ್ತಾಗಿ ಸಿಟ್ಟಾಗಿದ್ದರು, ಮಾತು ಬಿಟ್ಟಿದ್ದರು. ಅವರೇ ಇಳಿದು ಬಂದರು.

"ಆ ಪಕ್ಕ, ತೋಟದ ಕೊನೇಲಿ, ಎರ್ರಮಣ್ಣು, ಕೆಂಪ್ ಮಣ್ಣು ಐತೆ ಕಣಮ್ಮ. ಆಳ ಹೋಗ್ತದೆ. ಅಲ್ಲಿ ಹಾಕೊಳ್ಳಿ" ಎಂದರು. ಸೊಪ್ಪಿಗೆ ಏನಾದರೂ ಆದರೆ ರೇಷ್ಮೆಹುಳು ಸಾಯುತ್ತದಲ್ಲ ಎಂದು ಅಣ್ಣನೇ ಕೇಳಿದ. "ಆ ಸಾಲು ಕೊಯ್ಯಲ್ಲ ಬಿಡಪ್ಪ" ಎಂದು ಹೇಳಿ ಹೊರಟುಹೋದರು.

ಅದಕ್ಕೆ ಗೊತ್ತುಮಾಡಿದ ದಿನ ಬಿಳಿ ಪ್ಲಾಸ್ಟಿಕ್ ಉಡುಪು ಹಾಕಿಕೊಂಡ ಪಶು ಇಲಾಖೆಯ ನಾಲ್ಕು ಜನ ಬಂದರು. ಮುಖವೂ ಕಾಣುತ್ತಿರಲಿಲ್ಲ. ಶೆಡ್ಡಿನ ಬಾಗಿಲು ತೆಗೆದ ಕೂಡಲೇ ರೇಷ್ಮಾ ಹೆದರಿ ಗೋಡೆಗೆ ಆತುಕೊಂಡಳು. ಯಾರು ಹತ್ತಿರ ಹೋದರೂ ಹಿಂಗಾಲು ಎತ್ತುತ್ತಿದ್ದಳು. ಹೀಗಾದರೆ ಹಗ್ಗ ಹಾಕಿ ಕೆಡವಬೇಕಾಗುತ್ತದೆ ಎಂದು ಒಬ್ಬರು ಅಂದರು. ನಾನು ಬರುತ್ತೇನೆ ಎಂದೆ. ಡಾಕ್ಟರು ನನಗೂ ಅದೇ ಉಡುಪು ಕೊಟ್ಟರು. ಅದನ್ನು ಹಾಕಿಕೊಂಡು ಒಳಗೆ ಹೋದರೆ ಅವಳು ನನಗೂ ಹೆದರಿದಳು. ಪ್ಲಾಸ್ಟಿಕ್ಕಿನ ವಾಸನೆ, ಕಣ್ಣಿಗೆ ಕನ್ನಡಕ, ಅವಳು ಹೇಗೆ ಗುರುತು ಹಿಡಿಯಬೇಕು? ನನ್ನ ಕೈಯಲ್ಲಿ ಹುಟ್ಟಿದ ಮರಿ ನನ್ನನ್ನು ಕಂಡು ಮೂಗಿನಲ್ಲಿ ಬುಸುಗುಡುತ್ತ ಹಿಂದೆ ಹಿಂದೆ ಹೋಗುತ್ತಿತ್ತು. ಆ ಕ್ಷಣದಷ್ಟು ಕೆಟ್ಟದ್ದು ಆ ದಿನದಲ್ಲಿ ಇನ್ನೊಂದಿರಲಿಲ್ಲ, ಆಮೇಲಿನದೂ ಅಷ್ಟು ಕೆಟ್ಟದಾಗಿರಲಿಲ್ಲ.

ಮಾತಾಡಿದೆ. ಹೆಸರು ಹಿಡಿದು ಕರೆದೆ, ಬೆಳಿಗ್ಗೆ ಮೈ ಉಜ್ಜುವಾಗ ಬೈಯುತ್ತಿದ್ದ ಬೈಗುಳಗಳನ್ನೆಲ್ಲ ಬೈದೆ. ಮೊದಲು ಒಂದು ಕಿವಿ ತಿರುಗಿತು, ಆಮೇಲೆ ಇನ್ನೊಂದು. ಬಂದು ನನ್ನ ಎದೆಗೆ ತಲೆ ಒತ್ತಿದಳು. ತೋಟದ ಕೊನೆಯವರೆಗೆ ನನ್ನ ಪಕ್ಕದಲ್ಲೇ ನಡೆದಳು. ಹಸಿ ಮಣ್ಣಿನ ರಾಶಿ ನೋಡಿ ಒಂದು ಸಲ ನಿಂತಳು, ಅಷ್ಟೇ. ಗುಂಡಿಯ ಅಂಚಿನಲ್ಲಿ ನಾನು ಎದುರಿಗೆ ನಿಂತೆ. ಅವಳು ಕಾಲು ಸರಿಮಾಡಿಕೊಂಡಳು. ಡಾಕ್ಟರು ಮೊದಲು ಮಂಪರು ಬರಿಸುವ ಇಂಜೆಕ್ಷನ್ ಕೊಟ್ಟರು. ತಲೆ ಮೆಲ್ಲಗೆ ಇಳಿಯಿತು, ತುಟಿ ಜೋತುಬಿತ್ತು. ಆಮೇಲಿನ ಇಂಜೆಕ್ಷನ್ ಕುತ್ತಿಗೆಯ ನರಕ್ಕೆ ಕೊಟ್ಟರು. ಅವಳು ಮೊದಲು ಮಂಡಿ ಊರಿದಳು, ಆಮೇಲೆ ಪಕ್ಕಕ್ಕೆ ಬಿದ್ದಳು. ಡಾಕ್ಟರು ಎದೆಗೆ ಸ್ಟೆತಸ್ಕೋಪು ಇಟ್ಟು ಬಹಳ ಹೊತ್ತು ಕೇಳಿ, ಆಯ್ತು ಎಂದರು.

ಜೆಸಿಬಿಯಿಂದ ಗುಂಡಿಗೆ ಇಳಿಸಿ ಅವಳ ಮೇಲೆ ಸುಣ್ಣ ಸುರಿದರು. ಅವಳ ಹಗ್ಗ, ಬ್ರಷ್ಷು, ಪ್ರದರ್ಶನಕ್ಕೆಂದು ಹೊಲಿಸಿದ್ದ ಹೊಸ ಮುಖಪಟ್ಟಿ, ಶೆಡ್ಡಿನ ಹುಲ್ಲು, ಎಲ್ಲವನ್ನೂ ಸುಟ್ಟೆವು. ಕಲ್ಲುಬಾನಿಯನ್ನು ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿ ಬಿಸಿಲಿಗೆ ಬಿಟ್ಟರೆ ಸಾಕು ಎಂದು ಡಾಕ್ಟರು ಹೇಳಿದರು. ಆಗ ಅಬ್ಬಾ ಎದ್ದು ಬಂದರು. ಅಲ್ಲಿಯವರೆಗೂ ಅವರು ಮನೆಯೊಳಗೆ ಇದ್ದರು. ಬಾನಿಯನ್ನೂ ಗುಂಡಿಗೆ ತಳ್ಳು ಎಂದು ಜೆಸಿಬಿಯವನಿಗೆ ಹೇಳಿದರು. ತಾತನ ಕಾಲದ ಕಲ್ಲು ಎಂದು ಅಣ್ಣ ಏನೋ ಹೇಳಲು ಹೋದ. ಅಬ್ಬಾ ಕೇಳದೆ ತಳ್ಳಿಸಿದರು.

ಮನೆಯವರ ರಕ್ತದಲ್ಲಿ ಏನೂ ಸಿಗಲಿಲ್ಲ. ಮೂರು ವಾರ ಕಳೆದು ಉಳಿದ ಕುದುರೆಗಳ ರಕ್ತ ಮತ್ತೆ ತೆಗೆದರು, ಅವೂ ಚೆನ್ನಾಗಿದ್ದವು. ಸುತ್ತಲಿನ ಹಳ್ಳಿಗಳಲ್ಲಿ ಕತ್ತೆ ಕುದುರೆ ಇರುವ ಮನೆಗಳಿಗೆಲ್ಲ ಇಲಾಖೆಯವರು ಹೋಗಿಬಂದರು. ನಮ್ಮ ಗೇಟಿನ ಬೀಗ ತೆಗೆದರು. ಆದರೆ ಒಬ್ಬರೂ ಬರಲಿಲ್ಲ. ಶಿಡ್ಲಘಟ್ಟದ ವ್ಯಾಪಾರಿ ತಮ್ಮ ಕುದುರೆಯನ್ನು ವಾಪಸು ಕರೆಸಿಕೊಂಡರು. ಮದುವೆಯ ಮನೆಗಳು ಕಾರಿಗೆ ಹೂವು ಕಟ್ಟಿಸಿಕೊಂಡವು. ಅಣ್ಣ ಹಾಲಿನ ವ್ಯಾನ್ ಓಡಿಸಲು ಹೋದ. ನಾನು ಬೆಳಿಗ್ಗೆ ಎದ್ದು ನಾಲ್ಕು ಕುದುರೆಗಳಿಗೆ ನಾಲ್ಕು ಬಕೆಟ್ಟಿನಲ್ಲಿ ನೀರಿಟ್ಟು, ಲದ್ದಿ ಬಾಚಿ, ಅಲ್ಲಿಗೆ ಕೆಲಸ ಮುಗಿಯಿತು ಎಂದು ಕೂರುತ್ತಿದ್ದೆ. ರೇಷ್ಮಾಳನ್ನು ಓಡಿಸುತ್ತಿದ್ದ ಸುತ್ತಿನಲ್ಲಿ ಪಾರ್ಥೇನಿಯಂ ಬೆಳೆಯಿತು. ಕಿತ್ತುಹಾಕಬೇಕು ಎನಿಸುತ್ತಿತ್ತು, ಕೈ ಏಳುತ್ತಿರಲಿಲ್ಲ. ಒಳ್ಳೆಯ ಕೆಲಸ ಮಾಡಿದಿರಿ ಎಂದು ಡಾಕ್ಟರು ಎರಡು ಮೂರು ಸಲ ಹೇಳಿದರು. ಆ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತಿತ್ತು. ಇನ್ನೂ ಬರುತ್ತದೆ. ಅಬ್ಬಾ ನನ್ನ ಜೊತೆ ಮಾತಾಡುತ್ತಲೇ ಇರಲಿಲ್ಲ. ಊಟಕ್ಕೆ 'ಬಾ' ಎನ್ನುವುದನ್ನೂ ಅಣ್ಣನ ಮಗಳ ಕೈಯಲ್ಲಿ ಹೇಳಿಸುತ್ತಿದ್ದರು.

ಹೀಗಿರುವಾಗ ಒಂದು ಮಧ್ಯಾಹ್ನ ಫೋನು ಬಂತು. ಗೌರಿಬಿದನೂರಿನಿಂದ ಒಬ್ಬ ಹೆಂಗಸು. ಅವರ ಮನೆಯಲ್ಲೂ ಮದುವೆ ಕುದುರೆಗಳಿವೆ. ಉರುಸ್‌ಗೆ ಬಂದಾಗ ಆಕೆಯ ಗಂಡ ನಮ್ಮಲ್ಲಿ ಇಳಿದಿದ್ದರಂತೆ. ಅಂಗಳದಲ್ಲಿ ಹುರುಳಿ ಆರಿಸುತ್ತಿದ್ದ ನನ್ನ ಕೈಗೆ ಕೆಲಸವಿತ್ತು, ಫೋನನ್ನು ಸ್ಪೀಕರಿಗೆ ಹಾಕಿ ನೆಲದ ಮೇಲೆ ಇಟ್ಟಿದ್ದೆ. ಅಬ್ಬಾ ಆಚೆ ಮಂಚದ ಮೇಲೆ ಕೂತಿದ್ದರು. ಆಕೆ ಬಹಳ ಸಂಕೋಚದಿಂದ, ಸುತ್ತಿ ಬಳಸಿ ಮಾತಾಡಿದಳು. ಅವರ ಒಂದು ಕುದುರೆ ಕೆಮ್ಮುತ್ತಿದೆ. ನಮ್ಮ ಸುದ್ದಿ ಕೇಳಿದ್ದಾರೆ. ಗಂಡ ಡಾಕ್ಟರು ಬೇಡ ಎನ್ನುತ್ತಾರೆ. ಕೊನೆಗೆ ಕೇಳಬೇಕಾದದ್ದನ್ನು ಕೇಳಿದಳು.

"ಕೆಮ್ಮೋದು ಒಂದೇ ಅಕ್ಕಾ. ಅದನ್ನ ತೋರಿಸ್ತೀವಿ. ಇನ್ನೊಂದು ಚೆನ್ನಾಗೇ ಐತೆ, ಮಕ್ಕಳೆಲ್ಲಾ ಅದರ ಜೊತೆಗೇ ಆಡ್ತಾರೆ. ಚೆನ್ನಾಗಿರೋದನ್ನೂ ತೋರಿಸ್ಬೇಕಾ?"

ತೋರಿಸು ಎಂದರೆ ಏನಾಗುತ್ತದೆ ಎಂದು ನಾನು ಕಂಡಿದ್ದೆ. ಬೇಡ ಎಂದರೆ ಏನಾಗುತ್ತದೆ ಎನ್ನುವುದೂ ಗೊತ್ತಿತ್ತು. ಆಕೆ ಎರಡು ಸಲ ಅಕ್ಕಾ ಎಂದು ಕರೆದಳು. ಅಬ್ಬಾ ಮಂಚದಿಂದ ಎದ್ದು ಬಂದರು. ನನ್ನ ಪಕ್ಕದಲ್ಲಿ ಕಷ್ಟಪಟ್ಟು ಕುಕ್ಕರಗಾಲಿನಲ್ಲಿ ಕೂತು, ನೆಲದ ಮೇಲಿದ್ದ ಫೋನು ತೆಗೆದು ಬಾಯಿಯ ಹತ್ತಿರ ಹಿಡಿದುಕೊಂಡರು. ಅವರು ಹೊರಗಿನವರ ಜೊತೆ ಮಾತಾಡುವ ಕನ್ನಡದಲ್ಲೇ ಹೇಳಿದರು.

"ತೋರ್ಸಮ್ಮ. ಚೆನ್ನಾಗಿರೋದನ್ನೇ ಮೊದ್ಲು ತೋರ್ಸು. ನನ್ನ ಮಗಳು ಅದನ್ನೇ ಮಾಡಿದ್ದು."

ಆ ಕಡೆಯಿಂದ ಆಕೆ ಅಳುವುದು ಕೇಳಿಸಿತು. ಅಬ್ಬಾ ಫೋನು ಕಟ್ ಮಾಡಲಿಲ್ಲ, ಆಕೆ ಅತ್ತು ಮುಗಿಸುವವರೆಗೂ ಹಿಡಿದುಕೊಂಡೇ ಕೂತಿದ್ದರು.